ಮೋಟಾರಿನ ಕಿಡಿಯೂ ಮಾರಾಟದ ವೋಲ್ಟುಗಳೂ

ವಿದ್ಯುತ್ಕಾಂತ ಪ್ರೇರಣೆಯ ಪಾಠ ಮುಗಿದ ಮರುದಿನ ವಿದ್ಯಾರ್ಥಿಯೊಬ್ಬನು ಒಂದು ಜಾಹೀರಾತನ್ನು ತಂದು ನನ್ನ ಮೇಜಿನ ಮೇಲಿಟ್ಟನು. ಅಮೆರಿಕದ ಕಾರ್ವೆಟ್ ಎಂಬ ವೇಗದ ಕಾರಿಗೆ ಹೊಂದುವ ಎಂಟು ಇಗ್ನಿಷನ್ ಕಾಯಿಲುಗಳು, ಅವುಗಳೊಡನೆ ಕೆಂಪು ಹೊದಿಕೆಯ ಎಂಟು ದಪ್ಪ ತಂತಿಗಳು. ಇವನ್ನು ಜೋಡಿಸಿದರೆ ಕಿಡಿಯ ವೋಲ್ಟೇಜು ಬಹಳವಾಗಿ ಏರಿ ಎಂಜಿನ್ನಿನ ಬಲ ಹೆಚ್ಚುವುದೆಂದು ಅದರಲ್ಲಿ ಬರೆದಿತ್ತು. "ಇದು ನಿಜವೆ, ಸಾರ್?" ಎಂದು ಅವನು ಕೇಳಿದನು. ಅವನ ಮನೆಯಲ್ಲಿ ಕಾರ್ವೆಟ್ ಇಲ್ಲವೆಂದು ಬೇರೆ ಹೇಳಬೇಕಾದುದಿಲ್ಲ. ಆದರೆ ಇದೇ ಬಗೆಯ ಸರಕು ಮೋಟಾರು ಸೈಕಲ್ಲುಗಳಿಗಾಗಿ ನಮ್ಮ ಅಂಗಡಿಗಳಲ್ಲಿಯೂ ಮಾರಾಟಕ್ಕಿದೆ. ಅವನ ಕಣ್ಣು ಅದರ ಮೇಲಿತ್ತು.

ಸುಸ್ಥಿತಿಯಲ್ಲಿರುವ, ತಯಾರಾದಂತೆಯೇ ಓಡುತ್ತಿರುವ ಕಾರಿಗೆ ಇದು ದಂಡದ ವೆಚ್ಚವೆಂಬುದು ನನ್ನ ಅಭಿಪ್ರಾಯ. ಬರಿಯ ಅಭಿಪ್ರಾಯವನ್ನು ಹೇಳಿ ಸುಮ್ಮನಾದರೆ ಜಾಹೀರಾತಿಗೂ ನನಗೂ ಭೇದವುಳಿಯದು. ಆದಕಾರಣ ಲೆಕ್ಕವನ್ನು ಮುಂದಿಡುತ್ತೇನೆ.

ಕಾಯಿಲಿನ ಕೆಲಸ ನಿಮಗೆ ತಿಳಿದುದೇ. ಒಂದು ಕಬ್ಬಿಣದ ತಿರುಳಿನ ಮೇಲೆ ಎರಡು ಸುರುಳಿಗಳು. ಬ್ಯಾಟರಿಯ 12 ವೋಲ್ಟಿನಿಂದ ಮೊದಲನೆಯದರಲ್ಲಿ ಪ್ರವಾಹ ಮೆಲ್ಲನೆ ಬೆಳೆದು ಕಾಂತಕ್ಷೇತ್ರದಲ್ಲಿ ಶಕ್ತಿ ಶೇಖರವಾಗುತ್ತದೆ. ಪ್ರವಾಹವನ್ನು ತಟ್ಟನೆ ಕಡಿದೊಡನೆ ಕ್ಷೇತ್ರ ಕುಸಿದು, ಸಾವಿರಾರು ಸುತ್ತುಗಳುಳ್ಳ ಎರಡನೆಯ ಸುರುಳಿಯಲ್ಲಿ ಭಾರಿ ವೋಲ್ಟೇಜು ಹುಟ್ಟಿ ಪ್ಲಗ್ಗಿನ ಸಂದಿನಲ್ಲಿ ಕಿಡಿ ಹಾರುತ್ತದೆ. ಫ್ಯಾರಡೆ 1831ರಲ್ಲಿ ಕಂಡುಕೊಂಡ ತತ್ತ್ವವಿದು.

ಈ ವೋಲ್ಟೇಜು ಎಲ್ಲಿಯವರೆಗೆ ಏರುತ್ತದೆ? ಜಾಹೀರಾತಿನವರು ಮರೆಮಾಚುವ ಸಂಗತಿ ಇಲ್ಲಿಯೇ ಇದೆ. ನಮ್ಮ ಕೆರೆಗಳನ್ನು ನೆನೆಯಿರಿ. ಕೋಡಿಯ ಮಟ್ಟ ಹತ್ತು ಅಡಿಯಾಗಿದ್ದರೆ, ಏರಿಯನ್ನು ಇಪ್ಪತ್ತು ಅಡಿಗೆ ಎತ್ತರಿಸಿದರೂ ನೀರು ಹತ್ತು ಅಡಿಯನ್ನು ಮುಟ್ಟಿದೊಡನೆ ಹೊರಕ್ಕೆ ಹರಿಯತೊಡಗುತ್ತದೆ. ಕಾಯಿಲಿನ ಮೇಲೆ ಬರೆದ 40,000 ಅಥವಾ 60,000 ವೋಲ್ಟು ಏರಿಯ ಎತ್ತರವಾದರೆ, ಪ್ಲಗ್ಗಿನ ಸಂದು ಕೋಡಿ. ಆ ಹೊತ್ತಿನ ಒತ್ತಡದಲ್ಲಿ ಸಂದು 15,000 ವೋಲ್ಟಿಗೆ ಒಡೆಯುವುದಾದರೆ, ವೋಲ್ಟೇಜು ಅಷ್ಟಕ್ಕೆ ಏರಿದ ಕ್ಷಣದಲ್ಲಿಯೇ ಕಿಡಿ ಹಾರಿ, ಅಲ್ಲಿಂದ ಮುಂದೆ ಅದು ಸಾವಿರ ವೋಲ್ಟಿನ ಆಸುಪಾಸಿಗೆ ಇಳಿದುಬಿಡುತ್ತದೆ. ಉಳಿದ ಸಾವಿರಾರು ವೋಲ್ಟುಗಳು ಪೆಟ್ಟಿಗೆಯ ಮೇಲಿನ ಅಕ್ಷರಗಳಲ್ಲಿ ಮಾತ್ರ ಇರುತ್ತವೆ.

ವೋಲ್ಟೇಜು ಹೋಗಲಿ, ಶಕ್ತಿ ಹೆಚ್ಚಿದರೆ ಪ್ರಯೋಜನವಿಲ್ಲವೆ ಎಂದು ಕೇಳಬಹುದು. 1997ರ ಕಾರ್ವೆಟ್ಟಿನ ಎಂಜಿನ್ನು 5.7 ಲೀಟರಿನದು, ಸಿಲಿಂಡರು ಎಂಟು. ಪೂರ್ಣ ವೇಗದಲ್ಲಿ ಒಂದು ಸಿಲಿಂಡರು ಒಮ್ಮೆಗೆ ಎಳೆದುಕೊಳ್ಳುವ ಗಾಳಿ ಸುಮಾರು 0.8 ಗ್ರಾಂ, ಅದರೊಡನೆ ಉರಿಯುವ ಪೆಟ್ರೋಲಿನಲ್ಲಿ ಅಡಗಿರುವ ಶಕ್ತಿ 2,500 ಜೂಲಿನಷ್ಟು. ಕಿಡಿಯದು 0.05 ಜೂಲಿನ ಮಟ್ಟದ್ದು, ಎಂದರೆ ಐವತ್ತು ಸಾವಿರದಲ್ಲೊಂದು ಪಾಲು. ಒಲೆಗೆ ಸೌದೆಯಿಟ್ಟವನು ಬೆಂಕಿಕಡ್ಡಿಯನ್ನು ಉದ್ದ ಮಾಡಿದರೆ ಅನ್ನ ಬೇಗ ಬೇಯುವುದೆ? ನಿಶ್ಚಲವಾಗಿರುವ, ಸರಿಯಾಗಿ ಬೆರೆತ ಪೆಟ್ರೋಲು ಮತ್ತು ಗಾಳಿಯ ಮಿಶ್ರಣವನ್ನು ಹೊತ್ತಿಸಲು ಮಿಲಿಜೂಲಿನ ಕೆಲವೇ ದಶಾಂಶಗಳು ಸಾಕು. ಎಂಜಿನ್ನಿನೊಳಗೆ ಮಿಶ್ರಣ ಸುಳಿಯುತ್ತದೆ, ಎಲ್ಲೆಡೆಯೂ ಸಮವಾಗಿರುವುದಿಲ್ಲ. ಅದಕ್ಕಾಗಿಯೇ ತಯಾರಕರು ಹತ್ತಾರು ಮಿಲಿಜೂಲುಗಳನ್ನು ಒದಗಿಸಿರುತ್ತಾರೆ. ಪೆಟ್ರೋಲಿನ ಪಾಲು ತೀರ ಕಡಿಮೆಯಾದ ಮಿಶ್ರಣದಲ್ಲಿ ದೀರ್ಘವಾದ ಕಿಡಿಯಿಂದ ಉಪಕಾರವುಂಟೆಂಬುದನ್ನು ಒಪ್ಪುತ್ತೇನೆ. ಆದರೆ ಬೆಂಕಿ ಒಮ್ಮೆ ಹಿಡಿದ ಮೇಲೆ ಜ್ವಾಲೆ ತನ್ನ ವೇಗದಲ್ಲಿ ಹಬ್ಬುತ್ತದೆ. ಕಿಡಿಗೆ ಅಲ್ಲಿ ಕೆಲಸವಿಲ್ಲ.

ಹಾಗಾದರೆ ಈ ನಂಬಿಕೆ ಎಲ್ಲಿಂದ ಬಂತು? ಸುಳ್ಳಿನಿಂದಲ್ಲ, ಹಳೆಯದೊಂದು ಸತ್ಯದಿಂದ. ಚಾರ್ಲ್ಸ್ ಕೆಟರಿಂಗ್ 1910ರ ಸುಮಾರಿಗೆ ಕ್ಯಾಡಿಲಾಕ್ ಕಾರುಗಳಿಗಾಗಿ ರೂಪಿಸಿದ ಏರ್ಪಾಡಿನಲ್ಲಿ ಒಂದೇ ಕಾಯಿಲು ಎಲ್ಲ ಸಿಲಿಂಡರುಗಳಿಗೂ ಕಿಡಿಯನ್ನು ಹಂಚುತ್ತಿತ್ತು. 1955ರಲ್ಲಿ ಷೆವ್ರೊಲೆಯವರು ಹೊರತಂದ ಎಂಟು ಸಿಲಿಂಡರಿನ ಎಂಜಿನ್ನಿನಲ್ಲಿಯೂ ಇದೇ ಏರ್ಪಾಡು. ಅಂಥ ಎಂಜಿನ್ನು ನಿಮಿಷಕ್ಕೆ 6,000 ಸುತ್ತು ತಿರುಗಿದರೆ ಸೆಕೆಂಡಿಗೆ 400 ಕಿಡಿಗಳು ಬೇಕು. ಎರಡು ಕಿಡಿಗಳ ನಡುವೆ 2.5 ಮಿಲಿಸೆಕೆಂಡು ಮಾತ್ರ. ಸ್ವಿಚ್ಚು ಮುಚ್ಚಿರುವುದು ಅದರಲ್ಲಿ ಮೂರನೆಯ ಎರಡು ಭಾಗ ಕಾಲ. ಕಾಯಿಲಿನ ಇಂಡಕ್ಟೆನ್ಸ್ 8 ಮಿಲಿಹೆನ್ರಿ, ರೋಧ 3 ಓಮ್ ಎಂದಿಟ್ಟುಕೊಳ್ಳೋಣ. ನಿಧಾನವಾಗಿ ಓಡುವಾಗ ಪ್ರವಾಹ 4 ಆಂಪಿಯರಿಗೆ ಮುಟ್ಟಿ 64 ಮಿಲಿಜೂಲು ಶೇಖರವಾಗುತ್ತದೆ. 6,000 ಸುತ್ತಿನಲ್ಲಿ ಪ್ರವಾಹ ಅದರ ಅರ್ಧವನ್ನೂ ಮುಟ್ಟದು. ಶಕ್ತಿ ಪ್ರವಾಹದ ವರ್ಗವನ್ನು ಅನುಸರಿಸುವುದರಿಂದ 14 ಮಿಲಿಜೂಲಿಗೆ ಕುಗ್ಗುತ್ತದೆ. ಗಣಿತದಲ್ಲಿ ಆಸಕ್ತಿಯುಳ್ಳವರು ಇದನ್ನು ತಾವೇ ಮಾಡಿ ನೋಡಬೇಕು. ಇಂಥ ಎಂಜಿನ್ನನ್ನು ಪಂದ್ಯಕ್ಕೆ ಓಡಿಸಿದವರು ಬಲವಾದ ಕಾಯಿಲಿಗೆ ಹಣ ಕೊಟ್ಟುದು ಸರಿಯೇ ಆಗಿತ್ತು.

1997ರ ಕಾರ್ವೆಟ್ಟಿನಲ್ಲಿ ಸಿಲಿಂಡರಿಗೊಂದರಂತೆ ಎಂಟು ಕಾಯಿಲುಗಳಿವೆ. ಅದೇ ವೇಗದಲ್ಲಿ ಪ್ರತಿಯೊಂದಕ್ಕೂ ದೊರೆಯುವ ವಿರಾಮ 20 ಮಿಲಿಸೆಕೆಂಡು. ರೋಗ ವಾಸಿಯಾಗಿದೆ; ಔಷಧದ ಮಾರಾಟ ಮಾತ್ರ ನಿಂತಿಲ್ಲ.

ಇನ್ನೊಂದು ವಿಷಯವನ್ನು ಗಮನಿಸಬೇಕು. ಕಾಯಿಲಿಗೆ ಎಷ್ಟು ಕಾಲ ಪ್ರವಾಹ ಹರಿಯಬೇಕೆಂಬುದನ್ನು ಈಗ ಕಾರಿನ ಗಣಕ ನಿರ್ಧರಿಸುತ್ತದೆ; ಆ ಕಾಲವನ್ನು ಮೂಲ ಕಾಯಿಲನ್ನು ಅಳೆದು ಗೊತ್ತುಮಾಡಿರುತ್ತಾರೆ. ರೋಧವನ್ನು ಬದಿಗಿಟ್ಟರೆ, ಗೊತ್ತಾದ ಕಾಲದಲ್ಲಿ ಬೆಳೆಯುವ ಪ್ರವಾಹ ಇಂಡಕ್ಟೆನ್ಸಿಗೆ ವಿಲೋಮವಾಗಿರುತ್ತದೆ. ಆದ್ದರಿಂದ ಶೇಖರವಾಗುವ ಶಕ್ತಿಯೂ ವಿಲೋಮವೇ. ಇಮ್ಮಡಿ ಇಂಡಕ್ಟೆನ್ಸಿನ 'ಬಲಿಷ್ಠ' ಕಾಯಿಲನ್ನು ಹಾಕಿ ಗಣಕವನ್ನು ಹಾಗೆಯೇ ಬಿಟ್ಟರೆ ಕಿಡಿಗೆ ಸಿಗುವುದು ಮೊದಲಿನ ಅರ್ಧ. ಇಂಡಕ್ಟೆನ್ಸ್ ಕಡಿಮೆಯಾದರೆ ಪ್ರವಾಹ ಮಿತಿಮೀರಿ ತಿರುಳು ಕಾಂತತೆಯಿಂದ ತುಂಬಿಹೋಗುತ್ತದೆ. ಹೆಚ್ಚಿನ ಪ್ರವಾಹ ಸುರುಳಿಯನ್ನೂ ಟ್ರಾನ್ಸಿಸ್ಟರನ್ನೂ ಕಾಯಿಸುವುದಕ್ಕೆ ಹೋಗುತ್ತದೆ. ಹಣ ಕೊಟ್ಟು ಸರಿಯಾಗಿದ್ದುದನ್ನು ಕೆಡಿಸಿಕೊಂಡಂತಾಯಿತು.

ನಿಜವಾಗಿ ಬಲವಾದ ಕಾಯಿಲು ಬೇಕಾಗುವ ಸಂದರ್ಭವೊಂದಿದೆ. ಸಂದು ಒಡೆಯುವ ವೋಲ್ಟೇಜು ಅನಿಲದ ಒತ್ತಡ ಮತ್ತು ಸಂದಿನ ಅಗಲ ಇವುಗಳ ಗುಣಲಬ್ಧವನ್ನು ಅವಲಂಬಿಸಿದೆಯೆಂದು ಜರ್ಮನಿಯ ಪಾಶೆನ್ 1889ರಲ್ಲಿ ತೋರಿಸಿದನು. ಟರ್ಬೋಚಾರ್ಜರನ್ನು ಜೋಡಿಸಿ ಸಿಲಿಂಡರಿಗೆ ಇಮ್ಮಡಿ ಗಾಳಿಯನ್ನು ತುರುಕಿದರೆ ಕೋಡಿಯ ಮಟ್ಟವೇ ಮೇಲೇರುತ್ತದೆ. ಆಗ ಏರಿಯನ್ನು ಎತ್ತರಿಸದೆ ಗತಿಯಿಲ್ಲ. ಸಂದನ್ನು ಕಿರಿದು ಮಾಡುವುದು ಇದಕ್ಕಿಂತ ಅಗ್ಗದ ಉಪಾಯ. ಅನೇಕರು ಅದನ್ನೇ ಮೊದಲು ಮಾಡುತ್ತಾರೆ.

ತಂತಿಗಳ ವಿಚಾರ. ಇಂಗಾಲ ಬೆರೆತ ತಿರುಳಿನ ತಂತಿಯಲ್ಲಿ ಕೆಲವು ಸಾವಿರ ಓಮ್ ರೋಧವಿರುತ್ತದೆ; ಇದನ್ನು ದೋಷವೆಂದು ಕರೆದು, ರೋಧವಿಲ್ಲದ ತಂತಿಯನ್ನು ಮಾರುತ್ತಾರೆ. ಕಿಡಿ ಹಾರುವ ಮುನ್ನ ತಂತಿಯಲ್ಲಿ ಪ್ರವಾಹ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಪ್ರವಾಹವಿಲ್ಲದೆಡೆ ರೋಧದಿಂದ ನಷ್ಟವೆಲ್ಲಿಯದು? ಕಿಡಿ ಹಾರಿದ ಮೇಲೆ 0.05 ಆಂಪಿಯರ್ ಹರಿದರೆ 5,000 ಓಮಿನಲ್ಲಿ ಕಳೆಯುವುದು 250 ವೋಲ್ಟು. ಈ ಸಣ್ಣ ತೆರಿಗೆಗೆ ಪ್ರತಿಯಾಗಿ ದೊರೆಯುವುದೇನೆಂದು ತಿಳಿಯಬೇಕಾದರೆ ಹರ್ಟ್ಸನನ್ನು ನೆನೆಯಬೇಕು. ರೇಡಿಯೋ ಅಲೆಗಳನ್ನು ಅವನು 1887ರ ಸುಮಾರಿಗೆ ಹುಟ್ಟಿಸಿದುದು ಪ್ರೇರಣಾ ಸುರುಳಿ, ಕಿಡಿಯ ಸಂದು ಮತ್ತು ತಂತಿ, ಇವಿಷ್ಟರಿಂದ. ಕಾರಿನ ಮುಚ್ಚಳದ ಕೆಳಗಿರುವುದೂ ಇವಿಷ್ಟೇ. ಬರಿಯ ತಾಮ್ರದ ತಂತಿಯನ್ನು ಹಾಕಿದವನು ಎಂಟು ಪ್ರೇಷಕಗಳನ್ನು ಸಾಕಿದಂತೆ. ರೇಡಿಯೋ ಕರಕರಗುಟ್ಟುವುದಿರಲಿ, ಗಣಕಕ್ಕೆ ಬರುವ ಸಂಕೇತಗಳೇ ಕಲುಷಿತವಾಗಬಹುದು. ಆ ರೋಧವನ್ನು ಬೇಕೆಂದೇ ಇಟ್ಟಿದ್ದಾರೆ.

"ಹಾಕಿಸಿಕೊಂಡವರು ಬಲ ಹೆಚ್ಚಿತೆಂದು ಹೇಳುತ್ತಾರಲ್ಲ?" ಎಂದು ವಿದ್ಯಾರ್ಥಿ ಕೇಳಿದನು. ಹೇಳುತ್ತಾರೆ, ಅನೇಕರು ಪ್ರಾಮಾಣಿಕವಾಗಿಯೇ. ಸವೆದ ಪ್ಲಗ್ಗು, ಹೊದಿಕೆ ಬಿರಿದು ಕಿಡಿ ಸೋರುವ ತಂತಿ ಇವನ್ನು ತೆಗೆದು ಹೊಸದನ್ನು ಹಾಕಿದರೆ ಎಂಜಿನ್ನು ಚೇತರಿಸಿಕೊಳ್ಳುವುದು ಸಹಜ. ಮೂಲ ಬಗೆಯ ಅಗ್ಗದ ತಂತಿಯಿಂದಲೂ ಅಷ್ಟೇ ಚೇತರಿಕೆಯಾಗುತ್ತಿತ್ತು. ಅಳತೆಯ ಯಂತ್ರದ ಮೇಲೆ ಪರೀಕ್ಷಿಸಿದವರೂ ಎಚ್ಚರದಿಂದಿರಬೇಕು. ಗಾಳಿ 3 ಡಿಗ್ರಿ ಸೆಲ್ಸಿಯಸ್ ತಂಪಾದರೆ ಅದರ ಸಾಂದ್ರತೆ ಶೇಕಡ ಒಂದರಷ್ಟು ಏರುತ್ತದೆ. 345 ಅಶ್ವಸಾಮರ್ಥ್ಯದ ಆ ಎಂಜಿನ್ನಿಗೆ ಮೂರು ಅಶ್ವಗಳು ಪುಕ್ಕಟೆಯಾಗಿ ಬಂದಂತೆಯೇ. ಹೊಸದನ್ನು ಹಾಕಿ ಅಳೆದ ಮೇಲೆ ಹಳೆಯದನ್ನೇ ಮರಳಿ ಜೋಡಿಸಿ ಮತ್ತೊಮ್ಮೆ ಅಳೆಯಬೇಕು. ಹೀಗೆ ಮಾಡುವವರು ವಿರಳ, ಏಕೆಂದರೆ ಹಣ ಆಗಲೇ ಕೈಬಿಟ್ಟಿರುತ್ತದೆ.

ಅವನು ಜಾಹೀರಾತನ್ನು ಮತ್ತೆ ಕೈಗೆತ್ತಿಕೊಂಡು ಎರಡು ಪುಟಗಳನ್ನೂ ತಿರುವಿ ಹುಡುಕಿದನು. ವೋಲ್ಟೇಜು ಮೂರು ಕಡೆ ದಪ್ಪಕ್ಷರದಲ್ಲಿತ್ತು. ಇಂಡಕ್ಟೆನ್ಸ್ ಎಲ್ಲಿಯೂ ಇರಲಿಲ್ಲ.