ಓದಿದ ಮೇಲೆ ನೋಡಿದ ವರ್ಷ

2025ರ ಜನವರಿ ಮೊದಲ ವಾರದಲ್ಲಿ ಸಾಗರದ ನಾ. ಡಿಸೋಜ ತೀರಿಕೊಂಡ ಸುದ್ದಿ ಬಂತು. ಆ ಕ್ಷಣ ನನ್ನ ಕಣ್ಣೆದುರು ಬಂದದ್ದು ಅವರು ಬರೆದ ಯಾವ ಪುಟವೂ ಅಲ್ಲ. ಮಳೆಯಲ್ಲಿ ನೆನೆದು ನಿಂತ ಸೌಂದರ್ಯ ಅವರ ಮುಖ. ‘ದ್ವೀಪ’ವನ್ನು ನಾನು ನೋಡಿದ್ದೆ, ಓದಿರಲಿಲ್ಲ. ಮುಳುಗಡೆಯ ಊರುಗಳ ಸಂಕಟವನ್ನು ಬದುಕಿನುದ್ದಕ್ಕೂ ಬರೆದವರು ಹೋದ ದಿನ ನನ್ನ ಬಳಿ ಅವರ ಒಂದು ವಾಕ್ಯವೂ ಇರಲಿಲ್ಲ. ನಾಚಿಕೆಯಾಯಿತು. ಅಂದೇ ಒಂದು ನೇಮ ಹಿಡಿದೆ: ಈ ವರ್ಷ ಕಾದಂಬರಿಯನ್ನೋ ಕತೆಯನ್ನೋ ಆಧರಿಸಿದ ಯಾವ ಚಿತ್ರವನ್ನೂ ಮೂಲ ಓದದೆ ನೋಡುವುದಿಲ್ಲ.

ವರ್ಷವೂ ಅದಕ್ಕೆ ತಕ್ಕಂತೆಯೇ ನಡೆಯಿತು. ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕತೆಗಳಿಗೆ, ದೀಪಾ ಭಾಸ್ತಿಯವರ ಅನುವಾದದಲ್ಲಿ, ಅಂತರರಾಷ್ಟ್ರೀಯ ಬೂಕರ್ ಬಂತು. ಸೆಪ್ಟೆಂಬರ್‌ನಲ್ಲಿ ಎಸ್.ಎಲ್. ಭೈರಪ್ಪನವರೂ ನಡೆದುಬಿಟ್ಟರು. ಮೂವರೂ ಕನ್ನಡ ಸಿನಿಮಾಕ್ಕೆ ಕತೆ ಕೊಟ್ಟವರು. ಒಬ್ಬೊಬ್ಬರ ಸುದ್ದಿ ಬಂದಾಗಲೂ ನಾನು ಮೊದಲು ಕಪಾಟಿನತ್ತ ಹೋದೆ, ಆಮೇಲೆ ಪರದೆಯತ್ತ.

ಈ ಹಟ ಯಾಕೆಂದು ಹೇಳಬೇಕಾದರೆ ‘ನಾಗರಹಾವು’ ಚಿತ್ರದಿಂದ ಶುರು ಮಾಡಬೇಕು. ಹುಡುಗನಾಗಿದ್ದಾಗ ಭಾನುವಾರ ಸಂಜೆಯ ದೂರದರ್ಶನದಲ್ಲಿ, ಪಕ್ಕದ ಮನೆಯ ನಡುಮನೆಯಲ್ಲಿ ಕುಳಿತು ನೋಡಿದ ಚಿತ್ರ ಅದು. 1972ರಲ್ಲಿ ಪುಟ್ಟಣ್ಣ ಕಣಗಾಲ್ ಅದನ್ನು ತ.ರಾ.ಸು. ಅವರ ಮೂರು ಕಾದಂಬರಿಗಳಿಂದ ಕಟ್ಟಿದ್ದರು: ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’. ಚಿತ್ರ ತ.ರಾ.ಸು. ಅವರಿಗೆ ಹಿಡಿಸಲಿಲ್ಲವೆಂಬುದು ಎಲ್ಲರೂ ಕೇಳಿದ ಮಾತು. ಯಾಕೆ ಹಿಡಿಸಲಿಲ್ಲವೆಂದು ತಿಳಿಯುವ ಆಸೆಯಿಂದ ಕಾಲೇಜಿನಲ್ಲಿ ಮೂರನ್ನೂ ತಂದು ಓದಲು ಕುಳಿತೆ. ಆದರೆ ಓದಲು ಆಗಲೇ ಇಲ್ಲ. ಪುಟ ತಿರುವಿದಲ್ಲೆಲ್ಲ ವಿಷ್ಣುವರ್ಧನ್ ನಿಂತಿದ್ದರು. ಚಾಮಯ್ಯ ಮೇಷ್ಟ್ರು ಬಾಯಿ ತೆರೆದರೆ ಅಶ್ವತ್ಥರ ದನಿ. ತ.ರಾ.ಸು. ನಾಯಕ ರಾಮಾಚಾರಿಯನ್ನು ಹೇಗೆ ಕಂಡಿದ್ದರೋ, ನನಗೆ ಅವನನ್ನು ಹಾಗೆ ಕಾಣುವ ದಾರಿಯೇ ಮುಚ್ಚಿಹೋಗಿತ್ತು. ಚಿತ್ರದ ಮೇಲೆ ನನಗೆ ಇವತ್ತಿಗೂ ಪ್ರೀತಿಯಿದೆ. ಕಳೆದುಕೊಂಡದ್ದರ ಕೊರಗೂ ಇದೆ.

‘ಸಂಸ್ಕಾರ’ದ ಕತೆ ಇದಕ್ಕೆ ತದ್ವಿರುದ್ಧ. 1965ರ ಆ ಕಾದಂಬರಿಯನ್ನು ಹತ್ತೊಂಬತ್ತನೆಯ ವಯಸ್ಸಿನಲ್ಲಿ ಓದಿದ್ದೆ, ಚಿತ್ರ ನೋಡಿದ್ದು ಈ ವರ್ಷ. ನಡುವಿನ ಇಷ್ಟೂ ವರ್ಷ ಪ್ರಾಣೇಶಾಚಾರ್ಯರಿಗೆ ನನ್ನಲ್ಲೊಂದು ಮುಖವಿತ್ತು: ನಮ್ಮ ತಾತನ ಗೆಳೆಯರೊಬ್ಬರ ಬಡಕಲು ಮುಖ. 1970ರ ಚಿತ್ರದಲ್ಲಿ ಆಚಾರ್ಯರು ಗಿರೀಶ ಕಾರ್ನಾಡರು, ನಾರಣಪ್ಪ ಪಿ. ಲಂಕೇಶರು, ಚಂದ್ರಿ ಸ್ನೇಹಲತಾ ರೆಡ್ಡಿ. ಮೊದಲ ಹತ್ತು ನಿಮಿಷ ಕಾರ್ನಾಡರನ್ನು ಮನಸ್ಸು ಒಪ್ಪಲಿಲ್ಲ. ಆಮೇಲೆ ಒಪ್ಪಿತು, ಆದರೆ ಹಳೆಯ ಮುಖ ಅಳಿಸಲಿಲ್ಲ. ಈಗ ನನ್ನಲ್ಲಿ ಇಬ್ಬರು ಆಚಾರ್ಯರಿದ್ದಾರೆ, ಒಬ್ಬರಿಗೊಬ್ಬರು ಅಡ್ಡಬರುವುದಿಲ್ಲ.

ಕಾದಂಬರಿಯಲ್ಲಿ ನಾರಣಪ್ಪನ ಹೆಣದ ಸುತ್ತ ಅಗ್ರಹಾರ ಧರ್ಮಶಾಸ್ತ್ರದ ಚರ್ಚೆ ನಡೆಸುತ್ತಿರುತ್ತದೆ. ಅತ್ತ ಚಂದ್ರಿ ರಾತ್ರೋರಾತ್ರಿ ಮೀನು ವ್ಯಾಪಾರಿ ಅಹ್ಮದ್ ಬ್ಯಾರಿಯ ನೆರವಿನಿಂದ ಆ ಹೆಣವನ್ನು ಸುಟ್ಟು ಹೊರಟುಹೋಗಿರುತ್ತಾಳೆ. ಓದುವವನಿಗೆ ಇದು ಗೊತ್ತು, ಅಗ್ರಹಾರಕ್ಕೆ ಗೊತ್ತಿಲ್ಲ. ಆ ಗುಟ್ಟನ್ನು ಹೊತ್ತುಕೊಂಡೇ ನಾವು ಉಳಿದ ಪುಟಗಳನ್ನು ದಾಟಬೇಕು. ಉತ್ತರಾರ್ಧವಂತೂ ಬಹುಪಾಲು ಆಚಾರ್ಯರ ಒಳಮಾತೇ. ಬೆನ್ನು ಬಿಡದ ಪುಟ್ಟನ ಜೊತೆ ಮೇಳಿಗೆ ಜಾತ್ರೆಯಲ್ಲಿ ಅಲೆಯುವಾಗ ಆ ಪಂಡಿತ ತನ್ನೊಳಗೆ ಎಷ್ಟು ಸಲ ಬಿದ್ದು ಎಷ್ಟು ಸಲ ಎದ್ದನೆಂದು ಕ್ಯಾಮೆರಾ ಹೇಗೆ ತೋರಿಸೀತು? ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ ಅದರ ಗೊಡವೆಗೆ ಹೋಗದೆ ಮಲೆನಾಡಿನ ಬೆಳಕು ನೆರಳನ್ನು, ನಡೆಯುವ ಕಾಲುಗಳನ್ನು ನೆಚ್ಚಿದರು. ಆಸ್ಟ್ರೇಲಿಯಾದ ಟಾಮ್ ಕೋವನ್ ಅವರ ಕಪ್ಪು ಬಿಳುಪು ಛಾಯಾಗ್ರಹಣ ಅವರ ಕೈಬಿಡಲಿಲ್ಲ. ಪುಸ್ತಕ ಓದಿದ್ದರಿಂದ ಆ ಮೌನದೊಳಗೆ ಏನಿದೆಯೆಂದು ನನಗೆ ತಿಳಿದಿತ್ತು. ಓದದೆ ನೋಡಿದ್ದರೆ ಒಬ್ಬ ಮನುಷ್ಯ ಸುಮ್ಮನೆ ನಡೆಯುತ್ತಿದ್ದಾನೆ ಎನ್ನಿಸುತ್ತಿತ್ತೇನೋ.

ಓದಿದವರು ಚಿತ್ರ ನೋಡಲು ಕುಳಿತರೆ ತಪ್ಪು ಹುಡುಕುತ್ತಾರೆಂಬ ದೂರಿದೆ. ವರ್ಷದ ಆರಂಭದಲ್ಲಿ ನಾನೂ ಹಾಗೇ ಮಾಡಿದೆ. ಆ ಚಟ ಬಿಡಿಸಿದ್ದು ‘ಹಸೀನಾ’. ಬಾನು ಅವರ ‘ಕರಿ ನಾಗರಗಳು’ ಕತೆಯನ್ನು ಗಿರೀಶ ಕಾಸರವಳ್ಳಿ 2004ರಲ್ಲಿ ಚಿತ್ರ ಮಾಡಿದಾಗ ಕತೆಯ ಅಶ್ರಫ್ ಹಸೀನಾ ಆದಳು, ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಕತೆಯಲ್ಲಿ ಊರ ಹೆಂಗಸರ ಕೋಪ ಬುಗ್ಗೆಯಂತೆ ಚಿಮ್ಮುತ್ತದೆ. ಚಿತ್ರದಲ್ಲಿ ಮಸೀದಿಯ ಮುಂದೆ ನ್ಯಾಯ ಕೇಳಿ ಕುಳಿತ ಒಬ್ಬ ತಾಯಿಯ ಪಟ್ಟೇ ನನ್ನನ್ನು ಹಿಡಿದುಕೊಂಡಿತು. ಯಾವುದು ಹೆಚ್ಚೆಂದು ಕೇಳಿದರೆ ನನ್ನ ಉತ್ತರ ಕತೆಯೇ. ಆದರೂ ಚಿತ್ರ ನೋಡಿದ ಮೇಲೆ ಮತ್ತೆ ಕತೆ ತೆರೆದಾಗ, ಮೊದಲ ಓದಿನಲ್ಲಿ ಓಡಿಹೋಗಿದ್ದ ಕಡೆ ನಿಂತೆ. ಮಕ್ಕಳ ಹಸಿವಿನ ಮಾತು ಬರುವ ಕಡೆ.

‘ದ್ವೀಪ’ವನ್ನೂ ಓದಿ ಮತ್ತೆ ನೋಡಿದೆ. ನೇಮಕ್ಕೆ ಇದೊಂದು ಅಪವಾದ, ನೋಡಿಯಾಗಿತ್ತಲ್ಲ. ಪ್ರವಾಹದ ರಾತ್ರಿ ಮನೆ ಉಳಿಸಿದವಳು ನಾಗಿ, ಅದರ ಶ್ರೇಯಸ್ಸನ್ನು ಗಂಡ ಗಣಪ ದೇವರಿಗೆ ಒಪ್ಪಿಸುವ ಆ ಕೊನೆ ಈಗಲೂ ಎದೆ ಹಿಂಡುತ್ತದೆ. ಓದುವಾಗ ಮಾತ್ರ ಹೆದರಿದಂತೆಯೇ ಆಯಿತು: ನಾಗಿ ಸೌಂದರ್ಯ ಅವರೇ. ಡಿಸೋಜರ ನಾಗಿ ನನಗೆ ಸಿಗಲಿಲ್ಲ.

ನನ್ನ ಅಮ್ಮನಿಗೆ ಇಂಥ ನೇಮವೇ ಬೇಕಿರಲಿಲ್ಲ. ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ತ್ರಿವೇಣಿ, ಎಂ.ಕೆ. ಇಂದಿರಾ, ವಾಣಿಯವರ ಕಾದಂಬರಿ ತಂದು, ಅಡುಗೆಮನೆಯ ಹೊಸ್ತಿಲಲ್ಲಿ ಓದಿ ಮುಗಿಸಿಯೇ ಟಾಕೀಸಿಗೆ ಹೋಗುತ್ತಿದ್ದವರ ಪೀಳಿಗೆ ಅದು. ‘ಬೆಳ್ಳಿಮೋಡ’ದ ಇಂದಿರಾ ಕಲ್ಪನಾ ಆಗುವ ಮೊದಲು ಅವರವರ ಮನೆಯ ಇಂದಿರಾ ಆಗಿದ್ದಳು. ದಾರಿಯುದ್ದಕ್ಕೂ ಅದೇ ಚರ್ಚೆ. 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡ ತ್ರಿವೇಣಿ 1967ರ ‘ಬೆಳ್ಳಿಮೋಡ’ವನ್ನಾಗಲಿ 1971ರ ‘ಶರಪಂಜರ’ವನ್ನಾಗಲಿ ನೋಡಲಿಲ್ಲ. ಅವರ ಪರವಾಗಿ ನೋಡಿ ತೀರ್ಪು ಕೊಟ್ಟವರು ಈ ಓದುಗಿತ್ತಿಯರು. ಆ ಎರಡನ್ನೂ ಮಾಡಿದ ಪುಟ್ಟಣ್ಣನವರ ಎದುರು ಕುಳಿತಿದ್ದದ್ದು ಅಂಥ ಸಭೆ. ಆ ಸಭೆ ಚದುರಿದ್ದು ನನಗೆ ಈ ವರ್ಷ ಚೆನ್ನಾಗಿ ಅರಿವಾಯಿತು. ಓದಿದ ಮೇಲೆ ನೋಡಿದ್ದನ್ನು ಹೇಳಿಕೊಳ್ಳಲು ಫೋನ್ ಎತ್ತಿದರೆ, ಓದಿರುವ ಇನ್ನೊಬ್ಬರು ಸಿಗುವುದೇ ಕಷ್ಟವಾಯಿತು.

ದಸರಾ ರಜೆಯಲ್ಲಿ ಬಂದಿದ್ದ ಅಕ್ಕನ ಮಗಳಿಗೆ ಹದಿನೈದು ವರ್ಷ. ‘ನಾಗರಹಾವು’ ನೋಡಿಲ್ಲವೆಂದಳು. ನನ್ನ ಹಳೆಯ ಮೂರು ಪುಸ್ತಕಗಳನ್ನೂ ಕೊಟ್ಟೆ. ಮೂರನೆಯದರ ಹೊತ್ತಿಗೆ ಊಟಕ್ಕೂ ಏಳದೆ ಓದುತ್ತಿದ್ದಳು. ಮುಗಿಸಿ ಬಂದಾಗ ಕೇಳಿದೆ, “ನಿನ್ನ ರಾಮಾಚಾರಿ ನೋಡೋಕೆ ಹೇಗಿದ್ದಾನೆ?”

“ಸಣ್ಣಕ್ಕೆ ಇದ್ದಾನೆ ಮಾಮ. ಇನ್ನೂ ಸರಿಯಾಗಿ ಮೀಸೆ ಬಂದಿಲ್ಲ. ಒಂದು ಹುಬ್ಬಿನ ಮೇಲೆ ಗಾಯದ ಗುರುತಿದೆ.”

ಪುಸ್ತಕದಲ್ಲಿ ಹಾಗಿದೆಯಾ ಎಂದು ನಾನು ಕೇಳಲಿಲ್ಲ. ಸಿನಿಮಾ ಹಾಕಲಾ ಎಂದೆ. ನಾಳೆ ನೋಡೋಣ ಮಾಮ, ಇವತ್ತು ಬೇಡ ಎಂದಳು.