ತುಟಿಯ ಗುಳ್ಳೆಯೂ ಮನದ ಶಂಕೆಯೂ

ಜ್ವರ ಇಳಿಯುವ ಹೊತ್ತಿಗೆ ತುಟಿಯಂಚಿನಲ್ಲಿ ಏಳುವ ನೀರುಗುಳ್ಳೆಗಳನ್ನು ನಾವು ‘ಜ್ವರದ ಗುಳ್ಳೆ’ಯೆಂದು ಹಗುರವಾಗಿ ಭಾವಿಸುತ್ತೇವೆ. ಅಂಥದೇ ಗುಳ್ಳೆ ಗುಪ್ತಾಂಗದಲ್ಲಿ ಕಂಡರೆ ಮಾತ್ರ ಮನೆಯನ್ನು ಮೌನ, ಶಂಕೆ, ಕಣ್ಣೀರು ಆವರಿಸುತ್ತವೆ. ಸಾಮಾನ್ಯವಾಗಿ ಎರಡಕ್ಕೂ ಕಾರಣ ಹರ್ಪಿಸ್ ಸಿಂಪ್ಲೆಕ್ಸ್ ಎಂಬ ವೈರಾಣುವೇ. ರೋಗವು ದೇಹದ ವಿಕಾರವೇ ಹೊರತು ಶೀಲದ ಅಳತೆಗೋಲಲ್ಲ ಎಂಬುದು ನಮ್ಮ ದೃಢವಾದ ಅಭಿಪ್ರಾಯ.

ಈ ವೈರಾಣುವಿನಲ್ಲಿ ಎರಡು ವಿಧಗಳಿವೆ. ಒಂದನೆಯ ವಿಧವು ಬಹುಮಟ್ಟಿಗೆ ಬಾಯಿ, ತುಟಿಗಳನ್ನು ಆಶ್ರಯಿಸುತ್ತದೆ. ಹಿರಿಯರು ಮುದ್ದಿಸುವಾಗ ಜೊಲ್ಲಿನ ಮೂಲಕ ಹೆಚ್ಚಾಗಿ ಬಾಲ್ಯದಲ್ಲೇ ಅಂಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ, ಜಗತ್ತಿನಲ್ಲಿ 50 ವರ್ಷದೊಳಗಿನ ಶೇ. 64ರಷ್ಟು ಜನರಲ್ಲಿ ಇದು ನೆಲೆಸಿದೆ. ಎರಡನೆಯ ವಿಧವು ಮುಖ್ಯವಾಗಿ ಲೈಂಗಿಕ ಸಂಪರ್ಕದಿಂದ ಹರಡುತ್ತದೆ. 15ರಿಂದ 49 ವರ್ಷದವರಲ್ಲಿ ಇದರ ಪ್ರಮಾಣ ಸುಮಾರು ಶೇ. 13. ಆದರೆ ಒಂದನೆಯ ವಿಧವೂ ಗುಪ್ತಾಂಗಕ್ಕೆ ತಗಲಬಲ್ಲದು. ಆದುದರಿಂದ ಹುಣ್ಣಿರುವ ಸ್ಥಳವನ್ನಷ್ಟೇ ನೋಡಿ ವಿಧವನ್ನು ನಿರ್ಣಯಿಸಲಾಗದು. ಹುಣ್ಣಿನ ದ್ರವವನ್ನು ಪರೀಕ್ಷಿಸಬೇಕು. ಸರ್ಪಸುತ್ತು ಇವೆರಡಕ್ಕಿಂತ ಬೇರೆ. ಅದು ಸೀತಾಳೆ ಸಿಡುಬಿನ ವೈರಾಣುವಿನಿಂದ ಬರುವಂಥದು.

ಗುಳ್ಳೆ ಮಾಗಿದರೂ ವೈರಾಣು ನರಗಳ ಬುಡದಲ್ಲಿ ಅಡಗಿ ಮಲಗಿರುತ್ತದೆ. ಜ್ವರ, ಬಿಸಿಲು, ಆಯಾಸ, ಮನಃಕ್ಲೇಶಗಳಿಂದ ಮತ್ತೆ ಎಚ್ಚರಗೊಳ್ಳುತ್ತದೆ. ವಿವಾಹಕ್ಕೆ ಎಷ್ಟೋ ವರ್ಷ ಮೊದಲೇ ಅಂಟಿದ್ದು ಇಂದು ಮೊದಲ ಬಾರಿಗೆ ಕಾಣಿಸಿಕೊಳ್ಳಬಹುದು. ಯಾರಿಂದ, ಎಂದು ಬಂದಿತೆಂಬುದನ್ನು ರಕ್ತಪರೀಕ್ಷೆಯೂ ಹೇಳಲಾರದು. ಹೀಗಿರುವಾಗ ಗುಳ್ಳೆಯೊಂದನ್ನೇ ಸಾಕ್ಷಿಯಾಗಿಸಿಕೊಂಡು ಸೊಸೆಯನ್ನು ತವರಿಗಟ್ಟುವುದು, ಪತಿಯನ್ನು ದೂಷಿಸುವುದು ಅನ್ಯಾಯವಲ್ಲವೇ?

ಚಿಕಿತ್ಸೆಯ ವಿಷಯದಲ್ಲಿ ನಾವು ಆಯುರ್ವೇದದವರಾಗಿದ್ದೂ ನೇರವಾಗಿ ಹೇಳಬೇಕಾದ ಮಾತೊಂದಿದೆ. ಪಥ್ಯ, ಸುಖನಿದ್ರೆ, ಮನಶ್ಶಾಂತಿಗಳು ದೇಹಬಲವನ್ನು ಕಾಯುತ್ತವೆ, ನಿಜ. ಆದರೆ ಈ ವೈರಾಣುವನ್ನು ಬೇರುಸಹಿತ ಕಿತ್ತೊಗೆಯುವ ಔಷಧಿ ಇಂದು ಯಾವ ಪದ್ಧತಿಯಲ್ಲಿಯೂ ಇಲ್ಲ. ಇದೆಯೆಂದು ಹಣ ಕೇಳುವವರನ್ನು ನಂಬಬೇಡಿರಿ. ವೈದ್ಯರ ಸಲಹೆಯಂತೆ ಅಸೈಕ್ಲೋವಿರ್ ಮಾತ್ರೆಯನ್ನು ಬೇಗನೆ ಆರಂಭಿಸಿದರೆ ನೋವೂ ರೋಗದ ಅವಧಿಯೂ ತಗ್ಗುತ್ತವೆ. ನಾಚಿಕೆಯಿಂದ ದಿನಗಳೆದಷ್ಟೂ ಅದರ ಪ್ರಯೋಜನ ಕಡಿಮೆ.

ನಾವು ಹಗುರವೆಂದು ಬಗೆಯುವ ತುಟಿಯ ಗುಳ್ಳೆಗೇ ವಾಸ್ತವವಾಗಿ ಹೆಚ್ಚಿನ ಎಚ್ಚರಿಕೆ ಬೇಕು. ಗುಳ್ಳೆಯಿರುವವರು ಹಸುಗೂಸಿಗೆ ಮುತ್ತಿಡಬಾರದು. ನವಜಾತ ಶಿಶುವಿಗೆ ಈ ಸೋಂಕು ಪ್ರಾಣಾಂತಕವಾಗಬಲ್ಲದು. ಗುಳ್ಳೆ ಮುಟ್ಟಿದ ಕೈಯನ್ನು ತೊಳೆಯದೆ ಕಣ್ಣಿಗೆ ತಾಗಿಸಬಾರದು. ಕಣ್ಣು ಕೆಂಪಾಗಿ ನೋವಾದರೆ ತಾವಾಗಿಯೇ ಸ್ಟೀರಾಯ್ಡ್ ಹನಿ ಹಾಕದೆ ನೇತ್ರತಜ್ಞರನ್ನು ಕಾಣಬೇಕು. ಗರ್ಭಿಣಿಯರು ಗುಪ್ತಾಂಗದ ಹುಣ್ಣನ್ನು ವೈದ್ಯರಿಂದ ಮುಚ್ಚಿಡಲೇಬಾರದು. ಹೆರಿಗೆಯ ಕ್ರಮವನ್ನು ನಿರ್ಧರಿಸಲು ಅವರಿಗೆ ಅದು ತಿಳಿದಿರಬೇಕು.

ಎಚ್ಚರಿಕೆ ಬೇಕಾದಲ್ಲಿ ಉದಾಸೀನ, ಕರುಣೆ ಬೇಕಾದಲ್ಲಿ ಕಠೋರತೆ ಎಂಬ ನಮ್ಮ ಈ ರೂಢಿ ಬದಲಾಗಲಿ. ರೋಗಿಯ ಮುಂದೆ ಪ್ರಶ್ನೆಗಳನ್ನಿಡುವ ಮೊದಲು ಅವರ ಜೊತೆಗೂಡಿ ವೈದ್ಯರ ಬಳಿಗೆ ನಡೆಯೋಣ.