ಬಿರುಗಾಳಿಯಲ್ಲಿ ಸಾರಥಿ ಯಾರು?

ವಿಮಾನವನ್ನು ಈಗ ಯಂತ್ರವೇ ಇಳಿಸುವುದಷ್ಟೆ, ವೈಮಾನಿಕನಿಗೆ ಕೆಲಸವೇನೆಂದು ಕೇಳುವ ವಾಚಕರುಂಟು. ೧೯೬೫ನೆಯ ಜೂನ್ ೧೦ರಂದೇ ಪ್ಯಾರಿಸಿನಿಂದ ಪ್ರಯಾಣಿಕರನ್ನು ಹೊತ್ತ ಟ್ರೈಡೆಂಟ್ ವಿಮಾನವೊಂದು ಲಂಡನ್ನಿನಲ್ಲಿ ಸ್ವಯಂಚಾಲಕ ಯಂತ್ರದ ನೆರವಿನಿಂದ ನೆಲವನ್ನು ಮುಟ್ಟಿತು. ಆದರೆ ಆ ವಿದ್ಯೆ ಹುಟ್ಟಿದ್ದು ಮಂಜಿಗಾಗಿ, ಗಾಳಿಗಾಗಿ ಅಲ್ಲ. ಮಂಜಿನಲ್ಲಿ ಮನುಷ್ಯನ ಕಣ್ಣು ಸೋಲುವುದು. ರೇಡಿಯೋ ಸಂಕೇತವನ್ನು ಹಿಡಿದು ಬರುವ ಯಂತ್ರವೇ ಅಲ್ಲಿ ಮೇಲು. ಅದು ಕಂಠಪಾಠದಲ್ಲಿ ಗಟ್ಟಿಗನಾದ ಶಿಷ್ಯನಂತೆ.

ಅಡ್ಡಗಾಳಿಯ ಮಾತು ಬೇರೆ. ವಿಮಾನವು ಮೂತಿಯನ್ನು ಗಾಳಿಯತ್ತ ತಿರುಗಿಸಿ ಏಡಿಯಂತೆ ಓರೆಯಾಗಿ ಬಂದು, ನೆಲ ಸೋಕುವ ಮುನ್ನ ನೇರವಾಗಬೇಕು. ಏರ್‌ಬಸ್ ೩೨೦ರಲ್ಲಿ ಯಂತ್ರಕ್ಕೆ ವಿಧಿಸಿರುವ ಅಡ್ಡಗಾಳಿಯ ಮಿತಿ ಗಂಟೆಗೆ ಸುಮಾರು ೩೭ ಕಿಲೋಮೀಟರು. ವೈಮಾನಿಕರು ತಮ್ಮ ಕೈಯಿಂದ ಸುಮಾರು ೬೧ರಲ್ಲಿಯೂ ಇಳಿಸಿ ತೋರಿಸಿರುವರು.

ಆ ಕೈಯಾದರೂ ಯಂತ್ರದ ಮೂಲಕವೇ ರೆಕ್ಕೆಯನ್ನು ಆಳತಕ್ಕದ್ದು. ೨೦೦೮ನೆಯ ಮಾರ್ಚ್ ೧ರಂದು ಹ್ಯಾಂಬರ್ಗಿನಲ್ಲಿ ಅದೇ ಜಾತಿಯ ವಿಮಾನವೊಂದು ಬಿರುಗಾಳಿಗೆ ವಾಲಿ, ಎಡದ ರೆಕ್ಕೆಯ ತುದಿ ನೆಲವನ್ನು ಸವರಿತು. ಎಡಚಕ್ರ ನೆಲಕ್ಕೆ ತಗುಲಿದೊಡನೆ, ವಿಮಾನ ಇಳಿಯಿತೆಂದು ಬಗೆದ ಯಂತ್ರವು ವಾಲಿಕೆಯನ್ನು ತಿದ್ದುವ ಶಕ್ತಿಯನ್ನು ಅರ್ಧಕ್ಕಿಳಿಸಿತ್ತು. ವೈಮಾನಿಕರಿಗೆ ಇದು ಅನಿರೀಕ್ಷಿತ. ಅವರು ಇಳಿಯುವ ಹಟವನ್ನು ಬಿಟ್ಟು ಕೂಡಲೆ ಮೇಲೆದ್ದರು. ಮರಳಿ ಬಂದು ಇಳಿದಾಗ ಒಳಗಿದ್ದವರಲ್ಲಿ ಒಬ್ಬರಿಗೂ ಗಾಯವಾಗಿರಲಿಲ್ಲ.